ಅಮ್ಮಿಯ ಹಂಚು ಮತ್ತು ಹಿಂದಿನ ಕೋಣೆ

ಮೊನ್ನೆ ಶನಿವಾರ ಬೆಳಿಗ್ಗೆ ಪಕ್ಕದ ಮನೆಯವರು ಬೇಕನ್ ಹುರಿಯುತ್ತಿದ್ದರು. ಐರ್ಲೆಂಡಿನ ಅತ್ಲೋನ್ ಊರಿನ ಈ ಸಾಲುಮನೆಗಳಲ್ಲಿ ಎರಡು ಅಡುಗೆಮನೆಗೆ ಒಂದೇ ಗೋಡೆ. ಒಳ್ಳೆಯ ಜನ. ಈದ್ ಬಂದರೆ ನಮ್ಮ ಮಗಳಿಗೆ ಚಾಕೊಲೇಟ್ ಕೊಡುತ್ತಾರೆ, ಕೊಡುವ ಮೊದಲು ಪೊಟ್ಟಣ ತಿರುಗಿಸಿ ಪ್ರಾಣಿಮೂಲದ ಜೆಲಟಿನ್ ಇಲ್ಲವಷ್ಟೇ ಎಂದು ತಾವೇ ಓದಿರುತ್ತಾರೆ. ಆಮೇಲೆ ನಾನು ಇನ್ನೊಮ್ಮೆ ಓದುತ್ತೇನೆ. ಅವತ್ತು ಕಿಟಕಿ ಮುಚ್ಚಲು ಎದ್ದವನಿಗೆ, ಹಂದಿಕೊಬ್ಬು ಕಾಯುವ ಆ ವಾಸನೆಗೆ, ಕಬ್ಬಿಣದಂಗಡಿಯ ಅಜ್ಜ ನೆನಪಾದರು. ಅವರಿಗೆ ನಾನು ಮಾಡಿದ್ದೂ ನೆನಪಾಯಿತು.

ಅನುಮಾನ ನನ್ನ ಹುಟ್ಟುಗುಣ. ಗದಗಿನ ಸಂತೆಯಲ್ಲಿ ನಮ್ಮಪ್ಪ ಕಲ್ಲಂಗಡಿಯನ್ನು ಕೊಯ್ಯಿಸಿ ಒಂದು ತುಂಡು ಬಾಯಿಗಿಟ್ಟ ಮೇಲೂ ಪಕ್ಕದ ರಾಶಿಯತ್ತ ನೋಡುತ್ತಿದ್ದರು. ನಾನು ಅವರ ಮಗ. ಇಲ್ಲಿ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಬೇರೆಯವರ ಕೆಲಸದ ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಅಜ್ಜನ ಅಂಗಡಿಗೆ ಮೊದಲ ಸಲ ಹೋದಾಗಲೇ ಎಲ್ಲವನ್ನೂ ಗಮನಿಸಿದ್ದೆ.

ಅಂಗಡಿ ನದಿಯ ಆಚೆ ದಡದ ಒಂದು ಇಕ್ಕಟ್ಟು ಬೀದಿಯಲ್ಲಿತ್ತು. ಮೊಳೆ, ಬೀಗ, ಗುದ್ದಲಿ ಮಾರುವುದರ ಜೊತೆಗೆ ಅಜ್ಜ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದರು, ತುಕ್ಕು ಹಿಡಿದ ಬಾಣಲೆಗಳನ್ನು ಉಜ್ಜಿ, ಕಾಯಿಸಿ, ಕೊಬ್ಬು ಸವರಿ ಹದ ಮಾಡಿಕೊಡುತ್ತಿದ್ದರು. ಆ ಕೊಬ್ಬು ಹಂದಿಯದು. ಬಾಗಿಲ ಪಕ್ಕದ ಕೆಲಸದ ಮೇಜಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಅದರ ಡಬ್ಬಿ ಸದಾ ಬಾಯಿ ತೆರೆದುಕೊಂಡೇ ಇರುತ್ತಿತ್ತು. ನಾವು ಅಲ್ಲಿಗೆ ಬರೀ ಚಾಕು ಒಯ್ಯುತ್ತಿದ್ದೆವು. ಬಕ್ರೀದಿಗೆ ಇಲ್ಲಿ ಮನೆಯಲ್ಲಿ ಕುರಿ ಕೊಯ್ಯುವಂತಿಲ್ಲ. ಕಸಾಯಿಖಾನೆಯಿಂದ ಬಂದ ಇಡೀ ಕುರಿಯನ್ನು ಮನೆಯಲ್ಲಿ ಬಿಡಿಸಿ ಪಾಲು ಹಾಕಬೇಕು. ಹಬ್ಬದ ಹಿಂದಿನ ವಾರ ನಮ್ಮವರೆಲ್ಲ ಚಾಕುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಅಜ್ಜನ ಮುಂದೆ ಸಾಲು ನಿಲ್ಲುತ್ತಿದ್ದರು. "ನನ್ನ ವರ್ಷದಲ್ಲಿ ಇದೇ ದೊಡ್ಡ ವಾರ," ಎನ್ನುತ್ತಿದ್ದರು ಅಜ್ಜ. ಅವರ ಇಂಗ್ಲಿಷ್ ಯಾಕೋ ನನಗೆ ಕನ್ನಡದಲ್ಲೇ ನೆನಪಿದೆ.

ಅಜ್ಜ ಐರಿಷ್ ಅಲ್ಲ. ವೇಲ್ಸಿನ ಒಂದು ಕಬ್ಬಿಣದೂರಿನಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಸಾಣೆಕಲ್ಲು ತಿರುಗುವಾಗ ಮುತ್ತಜ್ಜನ ಕಾಲದ ಕಥೆ ಹೇಳುತ್ತಿದ್ದರು. ಬೆಟ್ಟದ ಮಗ್ಗುಲಲ್ಲಿ ಆರದ ಕುಲುಮೆಗಳು. ಕೆಳಗಿನ ಬೀದಿಯಲ್ಲಿ ಮೊಳೆ ಬಡಿಯುವವರು, ಬೂಟಿನ ಮರದ ಅಟ್ಟೆಗೆ ಕಬ್ಬಿಣದ ಪಟ್ಟಿ ಹೊಡೆದುಕೊಡುವವರು, ಪಾಳಿ ಬಿಡುವ ಹೊತ್ತಿಗೆ ಗೇಟಿನ ಬಳಿ ಕಬ್ಬಿಣದ ಹಂಚು ಕಾಯಿಸಿ ಸಿಹಿ ಬಿಲ್ಲೆ ಸುಟ್ಟು ಮಾರುವ ಹೆಂಗಸರು... ದಿನಸಿ ಮಾತ್ರ ಕಂಪನಿಯ ಅಂಗಡಿಯಲ್ಲೇ ಕೊಳ್ಳಬೇಕಿತ್ತಂತೆ. ಹಿಟ್ಟಿನಲ್ಲಿ ಸೀಮೆಸುಣ್ಣ, ಸಕ್ಕರೆಯಲ್ಲಿ ಮರಳು. ಹಾಗಾಗಿ ಆ ಊರಿನವರು ಯಾವ ಅಂಗಡಿಯವನನ್ನೂ ನಂಬುತ್ತಿರಲಿಲ್ಲ.

"ಅದಕ್ಕೇ ನನ್ನ ಮುತ್ತಜ್ಜ ಬಾಗಿಲಲ್ಲೇ ಕೂತು ಕೆಲಸ ಮಾಡ್ತಿದ್ದ. ಗಿರಾಕಿ ಕಣ್ಣಿಗೆ ಎಲ್ಲಾ ಕಾಣ್ಬೇಕು. ನಂದೂ ಅದೇ ಪದ್ಧತಿ," ಎಂದು ಅಜ್ಜ ಹೇಳಿದ ದಿನ ನನಗೆ ಆ ಊರೇ ಇಷ್ಟವಾಗಿತ್ತು. ನನ್ನಂಥವರೇ ತುಂಬಿದ್ದ ಊರು.

ಆ ವರ್ಷ ಬಕ್ರೀದಿಗೆ ಒಂದು ತಿಂಗಳಿರುವಾಗ ನನ್ನ ಹೆಂಡತಿ ತಂದೆಗೆ ಹುಷಾರಿಲ್ಲವೆಂದು ಬೆಂಗಳೂರಿಗೆ ಹೊರಟಳು. ಹೊರಡುವ ದಿನ ಗಡಿಬಿಡಿಯಲ್ಲಿ, "ರೀ, ನಿಮ್ಮ ಅಮ್ಮಿ ಹಂಚು ಅಜ್ಜನ ಹತ್ರ ಕೊಟ್ಟಿದೀನಿ, ಗುರುವಾರ ಇಸ್ಕೊಂಡ್ ಬನ್ನಿ," ಎಂದಷ್ಟೇ ಹೇಳಿದಳು. ನನ್ನ ತಾಯಿ ಜೋಳದ ರೊಟ್ಟಿ ಸುಡುತ್ತಿದ್ದ ಹಂಚು ಅದು. ಅವರು ತೀರಿಕೊಂಡ ಮೇಲೆ ಬಟ್ಟೆಗಳ ನಡುವೆ ಇಟ್ಟುಕೊಂಡು ತಂದಿದ್ದೆ. ಇಲ್ಲಿನ ತೇವಕ್ಕೆ ತುಕ್ಕು ಹಿಡಿದಿತ್ತು.

ಗುರುವಾರ ಹೋದೆ. ಅಜ್ಜ ಬಾಗಿಲ ಬಳಿಯ ಮೇಜಿನಲ್ಲಿರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು, ಸಂದಿಯಿಂದ ಹೊಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಟ್ಟೆಯಲ್ಲಿ ಹಿಡಿದ ನಮ್ಮ ಹಂಚಿನೊಂದಿಗೆ ಹೊರಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡರು. ಹಂಚು ಕಪ್ಪಗೆ ಮಿರುಗುತ್ತಿತ್ತು. ಎಂಥದೋ ಜಿಡ್ಡಿನ ಕಟುವಾಸನೆ.

"ಒಳಗ್ಯಾಕೆ ಮಾಡಿದ್ರಿ?" ಎಂದೆ.

"ನಿಮ್ಮದನ್ನ ಅಲ್ಲೇ ಮಾಡಬೇಕಿತ್ತು. ಎಲ್ಲಾ ಗ್ರ್ಯಾಂಡ್, ಚಿಂತೆ ಬೇಡ," ಎಂದು ನಕ್ಕರು.

ಚಿಂತೆ ಬೇಡ ಎಂದವರ ಬಗ್ಗೆಯೇ ಹೆಚ್ಚು ಚಿಂತಿಸುವವನು ನಾನು. ಎಲ್ಲವನ್ನೂ ಗಿರಾಕಿಯ ಎದುರೇ ಮಾಡುವ ಮನುಷ್ಯ ನಮ್ಮ ಹಂಚನ್ನು ಮಾತ್ರ ಬಾಗಿಲು ಮುಚ್ಚಿಕೊಂಡು ಯಾಕೆ ಹದ ಮಾಡಿದರು? ಡಬ್ಬಿಯ ಕೊಬ್ಬನ್ನೇ ಸವರಿದ್ದಾರೆ, ನಮ್ಮ ಕಣ್ಣಿಗೆ ಬೀಳಬಾರದೆಂದು ಒಳಗೆ ಸವರಿದ್ದಾರೆ. ದಾರಿಯುದ್ದಕ್ಕೂ ಲೆಕ್ಕ ಸರಿಯಾಗಿ ಕೂಡುತ್ತಲೇ ಹೋಯಿತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಎಲ್ಲರಿಗೂ ಹೇಳುತ್ತಿದ್ದವನು ನಾನು, ಅವತ್ತು ಪ್ರತ್ಯಕ್ಷವೂ ಕಂಡಿರಲಿಲ್ಲ. ಅಮ್ಮಿಯ ಹಂಚಿಗೆ ಹಂದಿಕೊಬ್ಬು ಎಂಬ ಯೋಚನೆಗೇ ಮೈ ಉರಿದುಹೋಗಿತ್ತು. ಹಂಚನ್ನು ಚೀಲದಲ್ಲಿ ಕಟ್ಟಿ ಹಿತ್ತಲಿನ ಶೆಡ್ಡಿಗೆ ಎಸೆದೆ. ಸೀದಾ ಇಲ್ಲಿನ ನಮ್ಮವರ, ಗಂಡಸರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ‘ಸಾಣೆ ಹಿಡಿಯುವ ಅಂಗಡಿಯಲ್ಲಿ ಕದ್ದು ಹಂದಿಕೊಬ್ಬು ಹಚ್ಚುತ್ತಾರೆ. ಯಾರೂ ಹೋಗಬೇಡಿ.’

ಯಾರೂ ಹೋಗಲಿಲ್ಲ. ಯಾರೂ ಅವರನ್ನು ಒಂದು ಮಾತು ಕೇಳಲೂ ಇಲ್ಲ. ಹಬ್ಬಕ್ಕೆ ಎರಡು ದಿನವಿರುವಾಗ ಸೇತುವೆಯ ಮೇಲೆ ಅಜ್ಜ ಎದುರಾದರು. "ಈ ಸಲ ಹಬ್ಬ ಮುಂದಕ್ಕೆ ಹೋಯ್ತಾ? ಹೊಸ ಸಾಣೆಕಲ್ಲು ತರಿಸಿಟ್ಟಿದೀನಿ," ಎಂದರು. ಚಂದ್ರನ ಲೆಕ್ಕ, ಹೇಳಲಿಕ್ಕಾಗದು ಎಂದು ಏನೋ ತೊದಲಿ ಮುಂದೆ ನಡೆದೆ. ಅವರ ಮುಖದಲ್ಲಿ ತಪ್ಪಿತಸ್ಥನ ಕಳೆ ಇದೆಯೇ ಎಂದು ಹುಡುಕಿದ್ದೆ. ಕಾಣಲಿಲ್ಲ. ಪಕ್ಕಾ ಆಸಾಮಿ ಎಂದುಕೊಂಡೆ.

ಹೆಂಡತಿ ಮರಳಿ ಬಂದಾಗ ಚಳಿಗಾಲ ಶುರುವಾಗಿತ್ತು. ಹಂಚು ಎಲ್ಲಿ ಎಂದಳು. ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವಳು ಅಲ್ಲೇ ಕುರ್ಚಿಯಲ್ಲಿ ಕುಳಿತುಬಿಟ್ಟಳು.

"ನಾವು ಹಂದಿ ಮುಟ್ಟಲ್ಲ ಅಂತ ನಾನೇ ಅವ್ರಿಗೆ ಹೇಳಿದ್ದೆ. ಅಗಸೆ ಎಣ್ಣೆ ಬಾಟ್ಲೀನೂ ನಾನೇ ಕೊಟ್ಟಿದ್ದು, ಸೀಲ್ ಕೂಡ ಒಡೆದಿರ್ಲಿಲ್ಲ. ಮುಂದಿನ ಮೇಜೆಲ್ಲಾ ಕೊಬ್ಬಾಗಿದೆ, ಅಲ್ಲಿ ಇಡೋದೂ ಬೇಡ ಅಂತ ಹಿಂದಿನ ಕೋಣೆ ತೊಳೆದು ಮಾಡ್ಕೊಡ್ತೀನಿ ಅಂದ್ರು. ಹೊಸ ಬಟ್ಟೆ, ಹೊಸ ಬ್ರಷ್ಷು. ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ರೀ. ಫೋನಿರ್ಲಿಲ್ವಾ?"

ಫೋನಿತ್ತು. ಅದರಲ್ಲೇ ಗುಂಪಿಗೆ ಬರೆದದ್ದು. ರೊಟ್ಟಿಗೆ ಅಗಸೆಯ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ತಿಂದು ಬೆಳೆದ ಗದಗಿನವನಿಗೆ ಕಾದ ಅಗಸೆ ಎಣ್ಣೆಯ ವಾಸನೆ ಹಂದಿಕೊಬ್ಬಾಗಿ ಮೂಗಿಗೆ ಬಡಿದಿತ್ತು.

ಮರುದಿನವೇ ಹೋದೆ. ಅಂಗಡಿಯ ಷಟರ್ ಇಳಿದಿತ್ತು. ಅಜ್ಜ ಹೋದ ತಿಂಗಳು ಎಲ್ಲವನ್ನೂ ಮಾರಿ ವೇಲ್ಸಿಗೆ, ತಂಗಿಯ ಮನೆಗೆ ಹೋದರೆಂದು ಪಕ್ಕದ ಹೂವಿನಂಗಡಿಯಾಕೆ ಹೇಳಿದಳು. ವಿಳಾಸ ಅವಳ ಬಳಿ ಇರಲಿಲ್ಲ. "ಮೊದಲೇ ಕಷ್ಟದಲ್ಲಿ ನಡೀತಿತ್ತು. ಆ ಹಬ್ಬದ ಜನ ಬರೋದು ನಿಂತ ಮೇಲೆ ಮನಸ್ಸು ಮುರಿದುಹೋಯ್ತು. ನಾನೇನು ತಪ್ಪು ಮಾಡ್ದೆ ಅಂತ ನನ್ನನ್ನ ಕೇಳ್ತಿದ್ರು," ಎಂದಳು. ನನಗೆ ಗೊತ್ತು ಎನ್ನುವ ಧೈರ್ಯ ನನಗೆ ಬರಲಿಲ್ಲ.

ಗುಂಪಿನಲ್ಲೂ ಬರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಅದು ಒಳ್ಳೆಯ ನೆಪವಾಯಿತು. ಹೋಗಿದೆಯಲ್ಲ, ಇನ್ನೇನು ಬರೆಯುವುದು... ನಾಚಿಕೆಯಾಗುತ್ತಿತ್ತು, ಅಷ್ಟೇ. ಹೀಗೇ ಆರೇಳು ವರ್ಷ ಕಳೆದವು. ಅಜ್ಜ ಈಗ ಇದ್ದಾರೋ ಇಲ್ಲವೋ ತಿಳಿಯದು. ಇಲ್ಲವೆಂದೇ ನನ್ನ ಲೆಕ್ಕ. ಆಗಲೇ ಎಂಬತ್ತರ ಹತ್ತಿರವಿದ್ದರು.

ಮೊನ್ನೆ ಕಿಟಕಿ ಮುಚ್ಚಿ ಬಂದು ಕುಳಿತು ಕೊನೆಗೂ ಬರೆದೆ. ಆ ಅಂಗಡಿಯ ಬಗ್ಗೆ ನಾನು ಹೇಳಿದ್ದು ಸುಳ್ಳು, ಅವರು ನಮಗಾಗಿ ಬೇರೆ ಕೋಣೆಯನ್ನೇ ತೊಳೆದಿದ್ದರು, ತಪ್ಪು ನನ್ನದು ಎಂದು. ಹಳಬರು ಇಬ್ಬರು ಹೆಬ್ಬೆರಳಿನ ಚಿಹ್ನೆ ಒತ್ತಿದರು. ಹೋದ ವರ್ಷ ಎಂಎಸ್ ಓದಲು ಬಂದ ಕಲಬುರಗಿಯ ವಿದ್ಯಾರ್ಥಿಯೊಬ್ಬ ಕೇಳಿದ: ‘ಯಾವ ಅಂಗಡಿ ಭಾಯ್? ಬಕ್ರೀದಿಗೆ ಚಾಕು ಸಾಣೆ ಹಿಡಿಸ್ಬೇಕಿತ್ತು.’

‘ಮುಚ್ಚಿದೆ’ ಎಂದು ಬರೆದೆ.

‘ಅರೆರೆ, ಯಾಕೆ?’

‘ನಾನು ಮುಚ್ಚಿಸಿದೆ’ ಎಂದು ಬರೆದೆ.