ಕತ್ತೆತ್ತಿದರೆ ಎರಡು ಬಳ್ಳಿ

ನೇರ ನೋಡಿದರೆ ಎಲ್ಲ ಸರಿ. ಮೇಲೆ ನೋಡಿದರೆ ಮಾತ್ರ ಒಂದು ಎರಡಾಗಿ, ಒಂದರ ಮೇಲೊಂದು ಕಾಣುತ್ತಿತ್ತು. ದ್ರಾಕ್ಷಿ ಬೆಳೆಯುವವನಿಗೆ ಇದು ಬರಬಾರದ ರೋಗ. ನಮ್ಮ ಬಾಳುವೆ ಅರ್ಧ ಕಳೆಯುವುದೇ ಚಪ್ಪರದ ಕೆಳಗೆ ಕತ್ತೆತ್ತಿ.

ಅಥಣಿಯ ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅವು ನೇರಕ್ಕೇ ಇದ್ದವು, ಪಟಪಟ ಓದಿದೆ. ಚಾಳೀಸಿನ ಕನ್ನಡಕ ಕೊಟ್ಟು ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಡಗಣ್ಣು ಕೊಂಚ ಕೆಳಗಿಳಿದದ್ದನ್ನು ಹೆಂಡತಿ ಗುರುತಿಸಿದ ಮೇಲೆ, ತಮ್ಮನ ಜೊತೆ ಮಿರಜಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆ.

"ಹುಬ್ಬಿನ ಒಳಗ ಎಲುಬು ಬೆಳದೈತ್ರಿ. ಕ್ಯಾನ್ಸರ್ ಅಲ್ಲ. ಆದ್ರ ಕಣ್ಣ ಕೆಳಗ ದಬ್ಬಾಕತ್ತೈತಿ. ನರ ಒತ್ತಿತಂದ್ರ ದೃಷ್ಟಿ ಹೋಗ್ತೈತಿ, ತಗಸಬೇಕು," ಎಂದರು ಅಲ್ಲಿಯ ಡಾಕ್ಟರು.

ತಮ್ಮನ ಕಿವಿಗೆ ಬಿದ್ದದ್ದು "ಕ್ಯಾನ್ಸರ್ ಅಲ್ಲ" ಎಂಬುದಷ್ಟೇ. ಬಸ್‌ಸ್ಟ್ಯಾಂಡಿನಲ್ಲೇ ಪೇಢೆ ಕೊಂಡ. ಊರಲ್ಲಿ ಎಲ್ಲರೂ ತಿಂದರು, ಆಪರೇಷನ್ ಮಾತು ಅಲ್ಲಿಗೇ ಮುಗಿಯಿತು. ನನಗೂ ಅದೇ ಬೇಕಿತ್ತು. ಅಕ್ಟೋಬರ್ ಛಾಟಣಿ ಹತ್ತಿರ ಬಂದಿತ್ತು, ಬಳ್ಳಿ ಸವರುವ ಆ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಟ್ಟವನಲ್ಲ.

ನಮ್ಮಲ್ಲಿ ಗಂಡ ಬಳ್ಳಿ ಕತ್ತರಿಸುತ್ತ ಮುಂದೆ ಹೋದರೆ, ಹೆಂಡತಿ ಉಳಿದ ಗಂಟುಗಳಿಗೆ ಚಿಗುರೊಡೆಯುವ ಪೇಸ್ಟು ಹಚ್ಚುತ್ತ ಹಿಂದೆ ಬರುತ್ತಾಳೆ. ಛಾಟಣಿಯ ದಿನ ಒಂದು ಬಳ್ಳಿ ಉದ್ದ ಉಳಿದಿತ್ತೆಂದು ನಾನು ಹಿಂದಿರುಗಿದೆ. ಪೇಸ್ಟು ಹಚ್ಚುತ್ತಿದ್ದ ಆಕೆಯ ಕೈ ಅದರ ಮೇಲೇ ಇತ್ತು. ಎರಡು ಬಳ್ಳಿ, ಎರಡು ಕೈ ಕಂಡವು. ಖರೆ ಯಾವುದೆಂದು ಅಂದಾಜು ಮಾಡಿ ಕತ್ತರಿ ಒತ್ತಿದೆ. ಅಂದಾಜು ತಪ್ಪಿತು. ಗ್ಲೌಸ್ ಹರಿದು ಆಕೆಯ ಬೆರಳ ತುದಿ ಹೋಯಿತು.

ಆಕೆ ಕೈ ತೊಳೆದು, ಸೆರಗಿನ ಚೂರು ಸುತ್ತಿಕೊಂಡು ಹೇಳಿದಳು: "ನನಗ ಹತ್ತ ಬೆರಳ ಅದಾವ. ನಿಮಗ ಇರೂವು ಎರಡ ಕಣ್ಣ. ನಾಳಿ ಮಿರಜಿಗೆ ಹೋಗೂನ್ರಿ."

ಹುಬ್ಬಿನ ಕೆಳಗೆ ಕೊಯ್ದು ಎಲುಬು ತೆಗೆದರು. ಶೇಂಗಾಕಾಯಿಯಷ್ಟಿತ್ತು. ದೃಷ್ಟಿ ಉಳಿಯಿತು. ಆದರೆ ಕತ್ತೆತ್ತಿದರೆ ಈಗಲೂ ಎರಡು, ಹಾಗೇ ಉಳಿಯಬಹುದಂತೆ. ಒಂದು ಕಣ್ಣು ಮುಚ್ಚಿ ಪೇಸ್ಟು ಹಚ್ಚಬಹುದು; ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯದು, ಕತ್ತರಿ ಹಿಡಿಯಲಾಗದು.

ಈ ವರ್ಷ ಕತ್ತರಿ ಆಕೆಯದು, ಹಿಂದಿನಿಂದ ಪೇಸ್ಟು ಹಚ್ಚುವುದು ನನ್ನದು. ನನಗಿಂತ ಚೊಕ್ಕ ಸವರುತ್ತಾಳೆ, ನನಗೆ ಹೊಟ್ಟೆ ಉರಿಯುತ್ತದೆ. ಹಿಂದೆ ಬಿಟ್ಟ ಬಳ್ಳಿಗೆ ತಿರುಗಿ ಬಂದಾಗಲೆಲ್ಲ ಆಕೆ ಒಂದು ಗಳಿಗೆ ನಿಲ್ಲುತ್ತಾಳೆ.

"ಕೈ ತಗೀರಿ," ಅನ್ನುತ್ತಾಳೆ. ತೆಗೆದದ್ದನ್ನು ನೋಡಿಯೇ ಕತ್ತರಿಸುತ್ತಾಳೆ.