ನನ್ನ ಬೀಳ್ಕೊಡುಗೆಗೆ ಹಾಕಿಸಿದ ಐರಿಷ್ ಸಂಗೀತ

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದ ನಾನು ನಿವೃತ್ತಳಾದ ದಿನ, ನನ್ನ ಭಾಷಣಕ್ಕೆ ಮೊದಲು ಐರಿಷ್ ವಾದ್ಯಸಂಗೀತ ಹಾಕಿಸಿದೆ. ನಾನು ಕಾನ್ವೆಂಟಿನಲ್ಲಿ ಓದುವಾಗ ಐರಿಷ್ ಸಿಸ್ಟರ್ ಒಬ್ಬರು ನಮಗೆ ಕೇಳಿಸುತ್ತಿದ್ದ ತಂಡದ್ದು. ಆ ತಂಡ ಇಂದಿಗೂ ಲೋಕವೆಲ್ಲ ಸುತ್ತಿ ನುಡಿಸುತ್ತಿದೆ. ಆಗ ನಾವು ಕೈಕಟ್ಟಿ ಕೂತು ಕೇಳುತ್ತಿದ್ದೆವು. ಇಲ್ಲಿ ಕೊಳಲು ಶುರುವಾದದ್ದೇ ತಡ, ನನ್ನ ನರ್ಸುಗಳೆಲ್ಲ ಎದ್ದು ಕುಣಿದರು.

"ಸಾಕು, ನಿಲ್ಲಿಸಿ," ಎಂದೆ.

"ಜನ ಕುಣೀತಾವ್ರೆ ಮೇಡಂ, ಭಾಷ್ಣ ಎಲ್ಲೋಯ್ತದೆ?" ಎಂದು ಬಂಡಳ್ಳಿಯ ಮೈಕ್‌ಸೆಟ್‌ನವನು ಮತ್ತೆ ಮೊದಲಿನಿಂದ ಹಾಕಿದ.

ಕುಣಿದು ದಣಿದವರು ನೇರ ಊಟಕ್ಕೆ ನಡೆದರು. ವಾರವಿಡೀ ಬರೆದ ಭಾಷಣ ಕೈಯಲ್ಲೇ ಉಳಿಯಿತು.

ಹನೂರಿನ ನರ್ಸ್ ಒಬ್ಬಳು ಓಡಿಬಂದಳು. "ಮೇಡಂ, ಒಂದ್ ಕೇಳ್ಲಾ?"

ನಾನು ಭಾಷಣದ ಹಾಳೆ ಬಿಚ್ಚಿದೆ.

"ಆ ಮ್ಯೂಸಿಕ್ ನನ್ ಫೋನ್ಗೂ ಕಳ್ಸಿ."

ಕಳಿಸಿದೆ. ಇಷ್ಟು ವರ್ಷ ನಾನು ಕಲಿಸಿದ ಶಿಸ್ತು ನೋಡಿ: ಥ್ಯಾಂಕ್ಸ್ ಕೂಡ ಹೇಳದೆ, ಕಾಲಲ್ಲೇ ತಾಳ ಹಾಕುತ್ತ ಊಟಕ್ಕೆ ಓಡಿದಳು.