ಹೊಸ ಪಿಕಪ್ ಯಾಕೆ ನಡುಗಿತು
ಹೊರ್ತಿಯ ಲಿಂಬೆ ಬೆಳೆಗಾರರೊಬ್ಬರ ಹೊಸ ಪಿಕಪ್ ವೇಗ ಹಿಡಿದರೆ ಸಾಕು, ಗಡಗಡ ನಡುಗುತ್ತಿತ್ತು. ಟೈರ್ ಬದಲಿಸಿದರೂ ನಿಲ್ಲಲಿಲ್ಲ. "ಗಾಡಿ ವಾಪಸ್ ತಗೋರಿ" ಎಂದು ಅವರು ಶೋರೂಮಿನಲ್ಲಿ ಕೂಗಾಡಿದ ಮೇಲೆ, ಶೋರೂಮಿನವರು ತಮ್ಮ ಮೆಕ್ಯಾನಿಕ್ ಆದ ನನ್ನನ್ನು ಅವರ ತೋಟಕ್ಕೇ ಕಳಿಸಿದರು.

ಗಾಡಿಯ ಕೆಳಗೆ ತೂರಿದೆ. ಹಿಂದಿನ ಗಾಲಿಗಳನ್ನು ತಿರುಗಿಸುವ ಉದ್ದನೆಯ ಶಾಫ್ಟಿಗೆ ಯಾರೋ ಎತ್ತಿನ ಲಾಳವೊಂದನ್ನು ತಂತಿಯಿಂದ ಬಿಗಿದಿದ್ದರು. ತಿರುಗುವ ಶಾಫ್ಟಿಗೆ ಒಂದೇ ಕಡೆ ಭಾರ ಹಾಕಿದರೆ ನಡುಗದೆ ಇನ್ನೇನು?

"ದೃಷ್ಟಿ ಆಗಬಾರದಂತ ನಾನೇ ಕಟ್ಟಿಸೇನಿ. ಮುಂದ ಕಟ್ಟಿದ್ರ ಯಾರರೆ ಬಿಚ್ಕೊಂಡು ಹೋಗ್ತಾರ," ಎಂದರು ಬೆಳೆಗಾರರ ತಾಯಿ.

"ಇದರಿಂದನ ನಡುಗಾಕತ್ತೈತ್ರಿ ಅವ್ವಾರ," ಎಂದು ಲಾಳ ಬಿಚ್ಚಿ, ತಿರುಗದ ಕಡೆ ಕಟ್ಟಿಕೊಟ್ಟೆ. ಆಮೇಲೆ ಎಷ್ಟು ಜೋರಾಗಿ ಓಡಿಸಿದರೂ ಗಾಡಿ ಅಲುಗಲಿಲ್ಲ.

ಅವ್ವ ಗೆದ್ದವರಂತೆ ಮಗನತ್ತ ತಿರುಗಿದರು. "ನೋಡಿದೇನು? ಲಾಳ ಇತ್ತಂತ ಬರೇ ನಡುಗಿತು. ಇಲ್ಲಂದ್ರ ಪಲ್ಟೀನ ಆಗ್ತಿತ್ತು."

ಪೆಟ್ಟಿಗೆ ಮುಚ್ಚುವ ಮೊದಲು ನಾನು ಲಾಳದ ತಂತಿಯನ್ನು ಇನ್ನೊಂದು ಸುತ್ತು ಬಿಗಿದೆ.